ಯಡಿಯೂರಿನಿಂದ ಕಿದ್ವಾಯಿಗೆ

ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಯಡಿಯೂರಿಗೆ ಮಕ್ಕಳ ಹರಕೆ ಹೊಸದಲ್ಲ. ಕುಣಿಗಲ್ ಸೀಮೆಯಲ್ಲಿ ಸಿದ್ಧಲಿಂಗಯ್ಯ, ಸಿದ್ಧಲಿಂಗಪ್ಪ, ಸಿದ್ಧಲಿಂಗಮ್ಮ ಇಲ್ಲದ ಊರು ಹುಡುಕುವುದು ಕಷ್ಟ. ಆದರೆ ಅರವತ್ತು ವರ್ಷಗಳ ಹಿಂದೆ ಇಲ್ಲಿನ ಮಗುವಿಗೆ ಬ್ಲಡ್ ಕ್ಯಾನ್ಸರ್ ಬಂದಿದ್ದರೆ ಹರಕೆ ಬಿಟ್ಟು ಹೆತ್ತವರ ಕೈಯಲ್ಲಿ ಇನ್ನೇನಿತ್ತು? ಇಳಿಯದ ಜ್ವರಕ್ಕೊಂದು ಮಾತ್ರೆ, ಬಿಳಿಚಿಕೊಂಡ ಮುಖಕ್ಕೊಂದು ಟಾನಿಕ್. ಮಗು ಯಾವ ಕಾಯಿಲೆಯಿಂದ ಹೋಯಿತು ಎಂಬುದೂ ಎಷ್ಟೋ ಮನೆಗಳಿಗೆ ತಿಳಿಯುತ್ತಿರಲಿಲ್ಲ.

ಜಗತ್ತಿನಲ್ಲಿ ಔಷಧಿಯೇ ಇರಲಿಲ್ಲ ಎನ್ನುವಂತಿಲ್ಲ. 1948ರಲ್ಲಿ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅಮಿನಾಪ್ಟರಿನ್ ಕೊಟ್ಟ 16 ಮಕ್ಕಳ ಪೈಕಿ 10 ಮಕ್ಕಳು ಕೆಲಕಾಲ ಚೇತರಿಸಿಕೊಂಡಿದ್ದರು. ಆ ಔಷಧಿ ಬಂದದ್ದು ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1963ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ವಿನ್‌ಕ್ರಿಸ್ಟೀನ್‌ನ ಮೂಲವಂತೂ ನಿತ್ಯಪುಷ್ಪದ ಗಿಡ. ಮಡಗಾಸ್ಕರ್‌ನಿಂದ ಬಂದ ಈ ಗಿಡ ನಮ್ಮ ಕಡೆಯ ಅಂಗಳಗಳಲ್ಲಿ, ಗುಡಿಗಳ ಸುತ್ತ ಹೇಳಕೇಳುವವರಿಲ್ಲದೆ ಬೆಳೆದು ಹೂ ಬಿಡುತ್ತದೆ. ಅಂಗಳದಲ್ಲಿ ಗಿಡವಿದ್ದರೇನು, ಅದರ ಇಂಜೆಕ್ಷನ್ ಸಿಗುವ ಜಾಗ ದೂರವಿತ್ತು. ಮುಂಬೈಯ ಟಾಟಾ ಆಸ್ಪತ್ರೆ ತೆರೆದದ್ದು 1941ರಲ್ಲಿ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅಡಯಾರಿನ ಕ್ಯಾನ್ಸರ್ ಸಂಸ್ಥೆ ಕಟ್ಟಿದ್ದು 1954ರಲ್ಲಿ. ತೆಂಗು, ರಾಗಿ ನಂಬಿ ಬದುಕುವ ಮನೆಯವರು ಮಗುವನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ ತಿಂಗಳುಗಟ್ಟಲೆ ಕೂರುವುದು ಆಗದ ಮಾತು.

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಶುರುವಾದಾಗ ದೂರ ಸುಮಾರು 90 ಕಿಲೋಮೀಟರಿಗೆ ಇಳಿಯಿತು. 1980ರಲ್ಲಿ ಅದು ರಾಜ್ಯದ ಸ್ವಾಯತ್ತ ಸಂಸ್ಥೆಯಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯ ಮಾಡಿತು. ಮಕ್ಕಳಿಗೆಂದೇ ಬೇರೆ ವಿಭಾಗವೂ ಬೆಳೆಯಿತು. ಅದೇ ದಶಕದಲ್ಲಿ ಮುಂಬೈ, ಚೆನ್ನೈ, ದೆಹಲಿಯ ವೈದ್ಯರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೊಡನೆ ಸೇರಿ, ಇಲ್ಲಿನ ಮಕ್ಕಳ ರಕ್ತ ಕ್ಯಾನ್ಸರಿಗೆ ಎಂಸಿಪಿ 841 ಎಂಬ ಚಿಕಿತ್ಸಾ ಕ್ರಮ ರೂಪಿಸಿದರು.

ಮಗುವಿನ ಪಾಲಿಗೆ ಈ ಚರಿತ್ರೆಯೆಲ್ಲ ಒಂದು ಸೂಜಿ. ಕೈಯ ನರ ಸಿಗದಿದ್ದರೆ ಇನ್ನೊಂದು ಕೈ, ಅದೂ ಆಗದಿದ್ದರೆ ಕಾಲು. ಎಲ್ಲಕ್ಕಿಂತ ಹೆದರಿಕೆ ಬೆನ್ನಿಗೆ ಚುಚ್ಚುವ ಸೂಜಿಯದು: ಮಂಡಿಯನ್ನು ಎದೆಗೆ ತಂದು ಮುದುಡಿ ಮಲಗಬೇಕು, ಅಲುಗಾಡಕೂಡದು. ರಕ್ತದಲ್ಲಿ ಓಡುವ ಔಷಧಿ ಮೆದುಳಿಗೆ ಸರಿಯಾಗಿ ತಲುಪದೆ ಕಾಯಿಲೆ ಅಲ್ಲಿ ಅಡಗುವುದರಿಂದ ಈ ದಾರಿ. ಕೆಲವು ಮಕ್ಕಳಿಗೆ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ ಕೂಡ ಕೊಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗಿ ಅನ್ನ ಸೇರುವುದಿಲ್ಲ. ಸ್ಟೀರಾಯ್ಡ್ ಕೊಟ್ಟ ವಾರಗಳಲ್ಲಿ ಅದೇ ಮಗು ನಡುರಾತ್ರಿ ಎದ್ದು ಊಟ ಕೇಳುತ್ತದೆ. ‘ಕೌಂಟ್ ಬಿದ್ದಿದೆ’ (ಬಿಳಿ ರಕ್ತಕಣ ಇಳಿದಿದೆ, ಸೋಂಕಿನ ಭಯ) ಎಂದರೆ ಜಾತ್ರೆ ಇಲ್ಲ, ಶಾಲೆ ಇಲ್ಲ, ತೆರೆದಿಟ್ಟ ಪ್ರಸಾದವೂ ಇಲ್ಲ. ತೇರಿನ ದಿನ ಊರೆಲ್ಲ ಬೀದಿಗಿಳಿದರೂ ಮಗು ಒಳಗೇ ಇರಬೇಕು. ಹೀಗೆ ಎರಡರಿಂದ ಮೂರು ವರ್ಷ. ಕೊನೆಯ ಭಾಗ ಮನೆಯಲ್ಲೇ ನುಂಗುವ ಮಾತ್ರೆಗಳದ್ದು.

ಆಪತ್ತು ಇದ್ದದ್ದು ಚಿಕಿತ್ಸೆಯ ಈ ಉದ್ದದಲ್ಲೇ. ಮೊದಲ ತಿಂಗಳ ಔಷಧಿಗೆ ಜ್ವರ ಬಿಟ್ಟು, ಮುಖಕ್ಕೆ ಕಳೆ ಬಂದ ಮಗುವನ್ನು ಕಂಡು ‘ವಾಸಿಯಾಯ್ತು’ ಎಂದು ಕರೆದುಕೊಂಡು ಹೋದ ಕುಟುಂಬಗಳು ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಿಗೂ ಗೊತ್ತು. ಮರುಕಳಿಸಿದ ಕಾಯಿಲೆ ಸುಲಭಕ್ಕೆ ಬಗ್ಗುವುದಿಲ್ಲ. ಅವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ. ಕೂಲಿ ತಪ್ಪುತ್ತಿತ್ತು, ಮನೆಯಲ್ಲಿ ಇನ್ನಿಬ್ಬರು ಮಕ್ಕಳು ಕಾಯುತ್ತಿದ್ದರು, ಬೆಂಗಳೂರಿನಲ್ಲಿ ತಾಯಿ ತಲೆ ಇಡಲು ಜಾಗವಿರಲಿಲ್ಲ. ಹಾಗಾಗಿ ಕಿದ್ವಾಯಿಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯನ್ನು ಕೀಮೋದಷ್ಟೇ ದೊಡ್ಡ ಚಿಕಿತ್ಸೆ ಎಂದು ಲೆಕ್ಕಕ್ಕೆ ಹಿಡಿಯಬೇಕು. 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ಬಡ ಕುಟುಂಬಗಳ ಖರ್ಚಿನ ಭಾರ ಇಳಿಸಿದವು. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ತೆರೆದು ಯಡಿಯೂರಿಗೂ ನಿಲ್ದಾಣ ಬಂತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ಟಿಕೆಟ್ ರಿಯಾಯಿತಿ ಕೊಡುತ್ತದೆ.

ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30 ಕೂಡ ಇಲ್ಲ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ 60 ಮುಟ್ಟಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿದೆ. ವಾರಗಟ್ಟಲೆ ಬಿಡದ ಜ್ವರ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಮೂಳೆ ನೋವು, ಕತ್ತಿನಲ್ಲಿ ಗಂಟು ಕಂಡರೆ ತಡಮಾಡದೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಹರಕೆ ಹೊತ್ತಿದ್ದರೆ ತೀರಿಸಿ, ಆದರೆ ವೈದ್ಯರು ಸಾಕು ಎನ್ನುವವರೆಗೆ ಮಾತ್ರೆ ನಿಲ್ಲಿಸಬೇಡಿ.