ಹಲ್ಲಿ ವರ್ಗದ ಪ್ರಾಣಿಗಳು: ಬಿಸಿಲಿನ ಶಾಖ ಮತ್ತು ನೇರಳಾತೀತ ಕಿರಣಗಳ ಸಮತೋಲನ

(ಸಾರ್ವಜನಿಕರ ಹಾಗೂ ವಿದೇಶಿ ಪ್ರಭೇದಗಳ ನೋಂದಣಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಓತಿಕೇತ, ಮನೆಹಲ್ಲಿ, ಉಡ, ಇಗುವಾನ ಮುಂತಾದ ಹಲ್ಲಿ ವರ್ಗದ ಪ್ರಾಣಿಗಳು ತಮಗೆ ಬೇಕಾದ ಶಾಖವನ್ನು ದೇಹದೊಳಗೇ ಉತ್ಪಾದಿಸಿಕೊಳ್ಳಲಾರವು. ಆದುದರಿಂದ ಅವು ಹೊರಗಿನ ಶಾಖವನ್ನು, ಅಂದರೆ ಸೂರ್ಯನನ್ನು ಅಥವಾ ಸೂರ್ಯನಿಂದ ಕಾದ ಕಲ್ಲು, ಮಣ್ಣು, ಗೋಡೆಗಳನ್ನು ಅವಲಂಬಿಸಿರುತ್ತವೆ. ಬೇಲಿಯ ಮೇಲೆ ಬಿಸಿಲು ಕಾಯುತ್ತಿರುವ ಓತಿಕೇತವನ್ನು ಕಂಡವರು ಅದು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದೆ ಎಂದಷ್ಟೇ ಭಾವಿಸುವುದು ಸಹಜ. ಆದರೆ ಅದೇ ಬಿಸಿಲಿನಿಂದ ಅದು ನೇರಳಾತೀತ ಕಿರಣಗಳನ್ನೂ ಪಡೆಯುತ್ತಿರುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಜಮಾ ಬರುವ ಮೂಲ ಒಂದೇ, ಖಾತೆಗಳು ಮಾತ್ರ ಎರಡು.

ಎರಡೂ ಏಕೆ ಅವಶ್ಯಕ

ನೇರಳಾತೀತ ಕಿರಣಗಳ ಪೈಕಿ ಸುಮಾರು 290ರಿಂದ 320 ನ್ಯಾನೊಮೀಟರ್ ತರಂಗಾಂತರದ ಭಾಗವನ್ನು ಯುವಿ-ಬಿ ಎಂದು ಕರೆಯಲಾಗುತ್ತದೆ. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ವಸ್ತುವಿನ ಮೇಲೆ ಈ ಕಿರಣ ಬಿದ್ದಾಗ ಅದು ಡಿ3 ಜೀವಸತ್ವದ ಪೂರ್ವರೂಪವಾಗಿ ಮಾರ್ಪಡುತ್ತದೆ. ಈ ಪೂರ್ವರೂಪವು ನಿಜವಾದ ಡಿ3 ಆಗಲು ಬೆಳಕಿನ ಅಗತ್ಯವಿರುವುದಿಲ್ಲ, ಶಾಖದ ಅಗತ್ಯವಿರುತ್ತದೆ. ಮೈ ತಣ್ಣಗಿದ್ದರೆ ಈ ಎರಡನೆಯ ಹಂತ ನಿಧಾನವಾಗುತ್ತದೆ. ಹೀಗಾಗಿ ಶಾಖವಿಲ್ಲದ ಕಿರಣವೂ ಕಿರಣವಿಲ್ಲದ ಶಾಖವೂ ಅರ್ಧ ಕೆಲಸವನ್ನು ಮಾತ್ರ ಮಾಡುತ್ತವೆ. ಡಿ3 ಇಲ್ಲದಿದ್ದಲ್ಲಿ ಆಹಾರದಲ್ಲಿನ ಸುಣ್ಣದ ಅಂಶವನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ ಹಾಗೂ ಮೂಳೆಗಳು ಮೆತ್ತಗಾಗುತ್ತವೆ.

ಚರ್ಮದಲ್ಲಿ ತಯಾರಾಗುವ ಡಿ3 ಮಿತಿಮೀರುವ ಭಯ ಕಡಿಮೆ. ಕಿರಣ ಹೆಚ್ಚಾದಾಗ ಪೂರ್ವರೂಪವು ನಿರುಪಯುಕ್ತ ವಸ್ತುಗಳಾಗಿ ಬದಲಾಗುತ್ತದೆ. ಆದರೆ ಅತಿಯಾದ ಕಿರಣದಿಂದ ಕಣ್ಣಿಗೂ ಚರ್ಮಕ್ಕೂ ಹಾನಿಯುಂಟಾಗುವುದು ಬೇರೆಯ ವಿಷಯ.

ಬಯಲಿನಲ್ಲಿ ನಡೆಯುವ ಹೊಂದಾಣಿಕೆ

ಈ ಪ್ರಾಣಿಗಳು ಸುತ್ತಲಿನ ಶಾಖಕ್ಕೆ ತಲೆಬಾಗಿ ಸುಮ್ಮನಿರುತ್ತವೆ ಎಂಬ ಹಳೆಯ ಅಭಿಪ್ರಾಯವನ್ನು ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಅವರು ಮರುಭೂಮಿಯ ಸರೀಸೃಪಗಳ ಕುರಿತು 1944ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಗಳೆಯಿತು. ಬಿಸಿಲು ನೆರಳುಗಳ ನಡುವೆ ಓಡಾಡುತ್ತಾ, ಮೈಯನ್ನು ಸೂರ್ಯನಿಗೆ ಅಡ್ಡಲಾಗಿ ಅಥವಾ ನೇರವಾಗಿ ತಿರುಗಿಸುತ್ತಾ, ಅವು ತಮ್ಮ ಶಾಖವನ್ನು ಕಿರಿದಾದ ಮಿತಿಯೊಳಗೆ ಕಾಯ್ದುಕೊಳ್ಳುತ್ತವೆ. ರಾಜ್ಯದ ಕಲ್ಲುಗುಡ್ಡಗಳ ಮೇಲೆ ವಾಸಿಸುವ, ಸಂತಾನಕಾಲದಲ್ಲಿ ಗಂಡು ಕೆಂಪು ಕಪ್ಪು ಬಣ್ಣ ತಳೆಯುವ ಬಂಡೆಯ ಓತಿಯಲ್ಲಿ ಇದನ್ನು ಯಾರು ಬೇಕಾದರೂ ಗಮನಿಸಬಹುದು. ಬೆಳಿಗ್ಗೆ ಬಂಡೆಗೆ ಹೊಟ್ಟೆ ಅಂಟಿಸಿಕೊಂಡಿದ್ದ ಪ್ರಾಣಿ, ಬಂಡೆ ಕಾದ ಮೇಲೆ ಕಾಲುಗಳನ್ನು ಚಾಚಿ ಮೈಯನ್ನು ಮೇಲೆತ್ತುತ್ತದೆ. ಇನ್ನೂ ಕಾದರೆ ಬಿರುಕಿನೊಳಗೆ ಸೇರುತ್ತದೆ.

ತೊಡಕು ಉಂಟಾಗುವುದು ಇಲ್ಲಿಯೇ. ಬೆಳಗಿನ ಎಳೆ ಬಿಸಿಲಿನಲ್ಲಿ ಶಾಖ ದೊರೆಯುತ್ತದೆ. ಆದರೆ ಕಿರಣಗಳು ವಾತಾವರಣದಲ್ಲಿ ಓರೆಯಾಗಿ ಬಹುದೂರ ಸಾಗಿಬರುವುದರಿಂದ ಯುವಿ-ಬಿಯ ಬಹುಭಾಗವನ್ನು ಓಝೋನ್ ಪದರವೇ ತಡೆಹಿಡಿದಿರುತ್ತದೆ. ನಡುಹಗಲಿನಲ್ಲಿ ಯುವಿ-ಬಿ ಹೇರಳವಾಗಿರುತ್ತದೆ, ಆದರೆ ಆಗ ಬಂಡೆಯ ಮೇಲೆ ನಿಲ್ಲುವಂತಿರುವುದಿಲ್ಲ. ಈ ಇಕ್ಕಟ್ಟಿಗೆ ಪರಿಹಾರ ಒದಗಿಸುವುದು ಅರೆನೆರಳು. ಯುವಿ-ಬಿ ಕಿರಣಗಳು ಆಕಾಶದಲ್ಲಿ ಚದುರಿ ಎಲ್ಲ ದಿಕ್ಕುಗಳಿಂದಲೂ ಬರುವ ಕಾರಣ, ಆಕಾಶ ಕಾಣುವಂತಹ ನೆರಳಿನಲ್ಲಿ ಕುಳಿತ ಪ್ರಾಣಿಗೆ ನೇರ ಬಿಸಿಲಿನ ತಾಪವಿಲ್ಲದೆಯೂ ಅವು ಲಭಿಸುತ್ತವೆ. ಮಧ್ಯಾಹ್ನ ಗಿಡದ ಅಂಚಿನಲ್ಲಿ ಸುಮ್ಮನೆ ಕುಳಿತಂತೆ ಕಾಣುವ ಓತಿಕೇತಕ್ಕೂ ಕಿರಣದ ಜಮಾ ನಿಂತಿರುವುದಿಲ್ಲ.

ಇದು ಕೇವಲ ಶಾಖದ ಹುಡುಕಾಟದಲ್ಲಿ ತಾನಾಗಿ ಒದಗುವ ಲಾಭವೇ ಅಥವಾ ಪ್ರಾಣಿಯು ಕಿರಣವನ್ನೂ ಲೆಕ್ಕವಿಟ್ಟು ಪಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಗ್ಯಾರಿ ಫರ್ಗುಸನ್ ಮತ್ತು ಸಹೋದ್ಯೋಗಿಗಳು ಮಡಗಾಸ್ಕರ್ ಮೂಲದ ಪ್ಯಾಂಥರ್ ಊಸರವಳ್ಳಿಯ ಮೇಲೆ ಪರೀಕ್ಷಿಸಿದರು. 2003 ಹಾಗೂ 2009ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಆಹಾರದಲ್ಲಿ ಡಿ3 ಕಡಿಮೆ ದೊರೆತ ಪ್ರಾಣಿಗಳು ನೇರಳಾತೀತ ಕಿರಣಕ್ಕೆ ಹೆಚ್ಚು ಮೈಯೊಡ್ಡಿದವು, ಹೆಚ್ಚು ದೊರೆತವು ಕಡಿಮೆ ಮೈಯೊಡ್ಡಿದವು. ಅಂದರೆ ಎರಡನೆಯ ಖಾತೆಯ ಶಿಲ್ಕನ್ನೂ ಪ್ರಾಣಿಯ ದೇಹ ಗಮನಿಸುತ್ತಿರುತ್ತದೆ.

ಫರ್ಗುಸನ್ ತಂಡವು ಅಮೆರಿಕ ಮತ್ತು ಜಮೈಕಾದಲ್ಲಿ 15 ಪ್ರಭೇದದ ಹಲ್ಲಿ ಹಾವುಗಳನ್ನು ಬಯಲಿನಲ್ಲಿಯೇ ಅಳೆದು 2010ರಲ್ಲಿ ನಾಲ್ಕು ವಲಯಗಳನ್ನು ಗುರುತಿಸಿತು. ನೆರಳುಪ್ರಿಯ ಮೊದಲ ವಲಯದ ಪ್ರಾಣಿಗಳಿದ್ದ ಸ್ಥಳದ ಮಧ್ಯಮ ನೇರಳಾತೀತ ಸೂಚ್ಯಂಕ 0.35, ಬಿಸಿಲುಪ್ರಿಯ ನಾಲ್ಕನೆಯ ವಲಯದ್ದು 3.1. ನಮ್ಮ ಬೇಸಿಗೆಯ ನಡುಹಗಲಿನಲ್ಲಿ ಈ ಸೂಚ್ಯಂಕ 10ನ್ನು ದಾಟುತ್ತದೆ ಎಂಬುದನ್ನು ನೆನೆದರೆ, ಬಿಸಿಲುಪ್ರಿಯವೆನಿಸಿದವು ಕೂಡ ಎಷ್ಟು ಮಿತವ್ಯಯಿಗಳು ಎಂಬುದು ತಿಳಿಯುತ್ತದೆ. ಇರುಳಿನಲ್ಲಿ ಸಂಚರಿಸುವ ಹಲ್ಲಿಗಳ ಉಪಾಯವೇ ಬೇರೆ. ಟೆಕ್ಸಾಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಂತೆ, ಅಲ್ಲಿನ ಮನೆಹಲ್ಲಿಯ ಚರ್ಮವು ಬಿಸಿಲಿನಲ್ಲಿ ಬಾಳುವ ಮುಳ್ಳುಹಲ್ಲಿಯ ಚರ್ಮಕ್ಕಿಂತ ಸಮರ್ಥವಾಗಿ ಡಿ3 ತಯಾರಿಸುತ್ತದೆ.

ಸಾಕುವವರು ಗಮನಿಸತಕ್ಕ ಅಂಶಗಳು

ಬಯಲಿನಲ್ಲಿ ಶಾಖವೂ ಕಿರಣವೂ ಒಂದೇ ಸೂರ್ಯನಿಂದ ಬರುತ್ತವೆ. ಮನೆಯ ಪೆಟ್ಟಿಗೆಯಲ್ಲಿ ಅವು ಬೇರೆಬೇರೆಯಾಗಿಬಿಡುತ್ತವೆ. ಸಾಧಾರಣ ತಂತಿ ಬಲ್ಬು ಶಾಖ ನೀಡುತ್ತದೆ, ಯುವಿ-ಬಿ ನೀಡುವುದಿಲ್ಲ. ಯುವಿ-ಬಿ ಕೊಳವೆ ದೀಪವು ಕಿರಣ ನೀಡುತ್ತದೆ, ಸಾಕಷ್ಟು ಶಾಖ ನೀಡುವುದಿಲ್ಲ. ಒಂದನ್ನು ಈ ಮೂಲೆಗೂ ಇನ್ನೊಂದನ್ನು ಆ ಮೂಲೆಗೂ ತೂಗುಹಾಕಿದಲ್ಲಿ, 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ದೇಹಶಾಖ ಬಯಸುವ ಇಗುವಾನ ಶಾಖದ ಮೂಲೆಯಲ್ಲಿಯೇ ದಿನ ಕಳೆಯುವ ಸಂಭವವಿರುತ್ತದೆ. ಆದಕಾರಣ ಎರಡೂ ದೀಪಗಳ ಬೆಳಕು ಒಂದೇ ಸ್ಥಳದ ಮೇಲೆ ಬೀಳುವಂತೆಯೂ, ಪ್ರಾಣಿ ಎರಡರಿಂದಲೂ ಸರಿದು ಹೋಗಲು ತಂಪಾದ ನೆರಳು ಇರುವಂತೆಯೂ ಏರ್ಪಡಿಸುವುದು ಸೂಕ್ತ. ಯುವಿ-ಬಿ ದೀಪ ಕಣ್ಣಿಗೆ ಎಂದಿನಂತೆ ಬೆಳಗುತ್ತಿದ್ದರೂ ಕೆಲವು ತಿಂಗಳುಗಳಲ್ಲಿ ಅದರ ಕಿರಣ ಕುಗ್ಗುತ್ತದೆ.

ಕಿಟಕಿಯ ಗಾಜಿನ ಹಿಂದಿನ ಬಿಸಿಲು ಸಾಕೆಂಬುದು ಬಹುಜನರ ತಪ್ಪು ತಿಳಿವಳಿಕೆ. ಗಾಜು ಶಾಖವನ್ನು ಒಳಬಿಡುತ್ತದೆ, ಯುವಿ-ಬಿಯನ್ನು ತಡೆಯುತ್ತದೆ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿನಲ್ಲಿಟ್ಟರೆ ಒಳಗಿನ ಪ್ರಾಣಿ ಅತಿಶಾಖದಿಂದ ಅಲ್ಪಕಾಲದಲ್ಲಿ ಸಾಯಬಹುದು.

ದವಡೆ ಮೆತ್ತಗಾಗುವುದು, ಕಾಲುಗಳು ಬಾಗುವುದು ಅಥವಾ ಊದುವುದು, ಬೆರಳುಗಳು ನಡುಗುವುದು, ಹತ್ತಲಾಗದೆ ಬೀಳುವುದು ಮೂಳೆರೋಗದ ಲಕ್ಷಣಗಳು. ಇವು ಕಂಡಲ್ಲಿ ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಡಿ3 ಔಷಧವನ್ನು ಅಂದಾಜಿನಿಂದ ನೀಡಬಾರದು. ಬಾಯಿಯ ಮೂಲಕ ಹೆಚ್ಚಾಗಿ ಸೇರಿದ ಡಿ3 ವಿಷವಾಗಿ ಪರಿಣಮಿಸುತ್ತದೆ.

ಇಗುವಾನ ಹಾಗೂ ಪ್ಯಾಂಥರ್ ಊಸರವಳ್ಳಿ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಇಂತಹ ಪ್ರಾಣಿಗಳನ್ನು ಹೊಂದಿರುವವರು 2024ರ ಜೀವಂತ ಪ್ರಾಣಿ ಪ್ರಭೇದಗಳ (ವರದಿ ಮತ್ತು ನೋಂದಣಿ) ನಿಯಮಗಳನ್ವಯ ಪರಿವೇಶ್ 2.0 ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಉಡ ಹಾಗೂ ಭಾರತದ ಊಸರವಳ್ಳಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರಡಿ ಸಂರಕ್ಷಿತವಾಗಿರುವುದರಿಂದ ಅವುಗಳನ್ನು ಹಿಡಿಯುವುದಾಗಲಿ ಮನೆಯಲ್ಲಿ ಸಾಕುವುದಾಗಲಿ ಅಪರಾಧವಾಗಿರುತ್ತದೆ.