ಹೊಲದ ತುಂಬ ಗೋವಿನಜೋಳ, ತಾಟಿನಾಗ ಎಷ್ಟು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲೋ ರೈಲಿನಲ್ಲೋ ಕೂತಿದ್ದೀರಾ? ಹಾಗಾದ್ರೆ ಇವತ್ತಿನ ಕತೆಯನ್ನ ಕಿಟಕಿಯಿಂದಲೇ ಶುರು ಮಾಡೋಣ.

ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ಹೋಗೋ ರೈಲು, ಹಾವೇರಿ ಮುಟ್ಟುವ ಮೊದಲು ಕರ್ಜಗಿ ಅನ್ನೋ ಸ್ಟೇಷನ್ ದಾಟುತ್ತೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋದರೆ ಎಲ್ಲಿ ನೋಡಿದರೂ ಆಳೆತ್ತರದ ಹಸಿರು. ಅದು ಗೋವಿನಜೋಳ. ಪಠ್ಯಪುಸ್ತಕದಲ್ಲಿ ಮೆಕ್ಕೆಜೋಳ, ಮೈಸೂರು ಕಡೆ ಮುಸುಕಿನಜೋಳ. ರಾಜ್ಯದಲ್ಲಿ ಇದನ್ನು ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಒಂದು. ಆದರೆ ಈ ಸೀಮೆಯ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ತಾಟಿಗೆ ಬರೋದು ಬಿಳಿಜೋಳದ ರೊಟ್ಟಿ. ಹೊಲದಲ್ಲಿ ಒಂದು ಜೋಳ, ತಾಟಿನಲ್ಲಿ ಇನ್ನೊಂದು. ಹಾಗಾದ್ರೆ ಬೆಳೆದದ್ದೆಲ್ಲ ಎಲ್ಲಿಗೆ ಹೋಗುತ್ತೆ? ಸುತ್ತು ಹೊಡೆದು ನಮ್ಮ ಹೊಟ್ಟೆಗೇ ಬರುತ್ತಾ?

ಮೊದಲು ಹೆಸರಿನಿಂದ ಹೊರಡೋಣ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ದಕ್ಷಿಣ ಭಾಗದ ಜನ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತುತ್ತಾ ಈ ಬೆಳೆಯನ್ನು ಮಾಡಿಕೊಂಡರು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಅದು ಸಮುದ್ರ ದಾಟಿತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ನಮ್ಮ ದೇಶಕ್ಕೆ ಇದನ್ನು ತಂದವರು ಅವರೇ ಅನ್ನೋದು ಹೆಚ್ಚಿನವರು ಒಪ್ಪುವ ಮಾತು. ಗೋವೆಯಿಂದ ಬಂದದ್ದಕ್ಕೆ ಗೋವಿನಜೋಳ ಅನ್ನೋರು ಇದ್ದಾರೆ. ಇಲ್ಲ, ಗೋವಿಗೆ, ಅಂದ್ರೆ ದನಕ್ಕೆ ಹಾಕೋ ಜೋಳ ಅನ್ನೋರೂ ಇದ್ದಾರೆ.

ಇದರಲ್ಲಿ ಒಂದು ಜಗಳವೂ ಇದೆ. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿರೋದು ಮೆಕ್ಕೆಜೋಳದ ತೆನೆ, ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿತ್ತು ಅಂತ 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ವಾದಿಸಿದರು. ನಮ್ಮ ದೇಶದ ಮೆಕ್ಕೆಜೋಳ ವಿಜ್ಞಾನಿಗಳು ಒಪ್ಪಲಿಲ್ಲ. ಅದು ತೆನೆಯಲ್ಲ, ಮುತ್ತು ಪೋಣಿಸಿದಂತೆ ಕೆತ್ತಿದ ಮುಕ್ತಾಫಲ ಅಂದರು. ಮುಂದಿನ ಸಲ ಆ ಗುಡಿಗೆ ಹೋದಾಗ ನೀವೇ ನೋಡಿ.

ಈಗ ಕರ್ಜಗಿಗೆ ವಾಪಸ್ ಬರೋಣ. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಹೆಸರಿನದೇ ಒಂದು ತಾಲೂಕು ಇತ್ತು. ಕಚೇರಿ ಮಾತ್ರ ಹಾವೇರಿಯಲ್ಲಿ. ಆಗ ಈ ಸೀಮೆ ಅಂದರೆ ಜೋಳ ಮತ್ತು ಹತ್ತಿ. ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿ. ಗೋವಿನಜೋಳಕ್ಕೆ ದೊಡ್ಡ ಜಾಗ ಸಿಕ್ಕಿದ್ದು ಬಹಳ ತಡವಾಗಿ. 1957ರಲ್ಲಿ ಇಡೀ ದೇಶಕ್ಕೆ ಒಂದು ಮೆಕ್ಕೆಜೋಳ ಸುಧಾರಣಾ ಯೋಜನೆ ಶುರುವಾಯ್ತು. 1961ರಲ್ಲಿ ಮೊದಲ ಹೈಬ್ರಿಡ್‌ಗಳು ಬಂದವು: ಗಂಗಾ 1, ಗಂಗಾ 101, ರಂಜಿತ್, ಡೆಕ್ಕನ್. ಆಮೇಲೆ ಖಾಸಗಿ ಕಂಪನಿಗಳ ಬೀಜ ಬಂತು. ಕಳೆದ ಮೂರು ದಶಕಗಳಲ್ಲಂತೂ ಹತ್ತಿ, ಜೋಳ, ಮೆಣಸಿನಕಾಯಿ ಇದ್ದ ಎಷ್ಟೋ ಹೊಲಗಳಲ್ಲಿ ಗೋವಿನಜೋಳ ನಿಂತಿತು.

ರೈತರು ಇದನ್ನು ಸುಮ್ಮನೆ ಆರಿಸಲಿಲ್ಲ. ಹತ್ತಿ, ಮೆಣಸಿನಕಾಯಿ ಬಿಡಿಸೋಕೆ ಆಳು ಬೇಕು. ಇದಕ್ಕೆ ಅಷ್ಟು ಬೇಡ. ಬಿಳಿಜೋಳದ ತೆನೆ ಬಯಲಿಗೆ ತೆರೆದಿರುತ್ತೆ, ಹಕ್ಕಿ ಕಾಯಬೇಕು. ಇದರ ಕಾಳಿಗೆ ಮುಸುಕಿನ ರಕ್ಷಣೆ ಇದೆ. ಕಾಳು ಬಿಡಿಸೋಕೆ ಮಷೀನ್ ಬರುತ್ತೆ. ಎಷ್ಟು ಬೆಳೆದರೂ ಕೊಳ್ಳೋರು ಇದ್ದಾರೆ ಅನ್ನೋ ಧೈರ್ಯ ಬೇರೆ.

ಕೊಳ್ಳೋರು ಯಾರು? ದೊಡ್ಡ ಪಾಲು ಹೋಗೋದು ಕೋಳಿ ಮತ್ತು ದನದ ಮೇವಿಗೆ. ಇನ್ನೊಂದು ಪಾಲು ಸ್ಟಾರ್ಚ್ ಕಾರ್ಖಾನೆಗೆ. ನಮ್ಮ ಜಿಲ್ಲೆಯಲ್ಲೇ, ಶಿಗ್ಗಾಂವಿ ತಾಲೂಕಿನ ಹುಲಸೋಗಿಯಲ್ಲಿ ಅಂಥದ್ದೊಂದಿದೆ. ಈಚೆಗೆ ಎಥೆನಾಲ್‌ಗೂ ಹೋಗ್ತಾ ಇದೆ. ಅಂದರೆ ನೀವು ‘ನಾನು ಗೋವಿನಜೋಳ ತಿನ್ನೋದೇ ಇಲ್ಲ’ ಅಂದರೂ ತಿಂತಾ ಇದ್ದೀರಿ. ಎಗ್ ರೈಸಿನ ಮೊಟ್ಟೆಯಲ್ಲಿ, ಗೋಬಿ ಮಂಚೂರಿಯ ಗರಿಗರಿ ಕಾರ್ನ್‌ಫ್ಲೋರ್‌ನಲ್ಲಿ, ಚಾಕೊಲೇಟ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿರೋ ಲಿಕ್ವಿಡ್ ಗ್ಲುಕೋಸ್‌ನಲ್ಲಿ.

ಹಾಗಾದ್ರೆ ಇದು ಒಳ್ಳೇದಾ, ಕೆಟ್ಟದ್ದಾ? ಇತಿಹಾಸ ಇದಕ್ಕೆ ಬಹಳ ಕಠಿಣವಾಗಿ ಉತ್ತರ ಹೇಳಿದೆ. ಯುರೋಪಿನ ಬಡವರು ಈ ಬೆಳೆಯನ್ನು ಕೈಗೆತ್ತಿಕೊಂಡ ಮೇಲೆ ಒಂದು ರೋಗ ಕಾಣಿಸಿತು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು, ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಇದನ್ನು ವಿವರಿಸಿದ. ಇಟಲಿಯಲ್ಲಿ ಇದಕ್ಕೆ ಪೆಲಾಗ್ರಾ ಅಂದರು. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾವಿರಾರು ಜನ ಸತ್ತರು. ಇದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ ತೋರಿಸಿದ್ದು ಜೋಸೆಫ್ ಗೋಲ್ಡ್‌ಬರ್ಗರ್. ಕೊರತೆ ನಯಾಸಿನ್, ಅಂದರೆ ಬಿ3 ವಿಟಮಿನ್‌ನದು ಅಂತ 1937ರಲ್ಲಿ ಗೊತ್ತಾಯ್ತು.

ಆದರೆ ಸಾವಿರಾರು ವರ್ಷ ಇದನ್ನೇ ತಿಂದ ಮೆಕ್ಸಿಕೋದ ಜನರಿಗೆ ಯಾಕೆ ಆ ರೋಗ ಬರಲಿಲ್ಲ? ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆಯುತ್ತಿದ್ದರು. ಅದರಿಂದ ಕಾಳಿನಲ್ಲಿ ಬಂಧಿಯಾಗಿದ್ದ ನಯಾಸಿನ್ ದೇಹಕ್ಕೆ ಸಿಗುತ್ತಿತ್ತು. ಜೊತೆಗೆ ಬೀನ್ಸ್, ಕುಂಬಳ ಇರುತ್ತಿತ್ತು. ಸಮುದ್ರ ದಾಟಿ ಬಂದದ್ದು ಬೀಜ ಮಾತ್ರ. ಅಡುಗೆಯ ಜ್ಞಾನ ಅಲ್ಲೇ ಉಳಿಯಿತು.

‘ನಮ್ಮ ರೊಟ್ಟಿಗೆ ಈ ಭಯ ಇಲ್ಲ’ ಅಂತ ಎದೆಯುಬ್ಬಿಸೋ ಹಾಗೂ ಇಲ್ಲ. ಡೆಕ್ಕನ್ನಿನಲ್ಲಿ ಬರೀ ಬಿಳಿಜೋಳದ ಮೇಲೆ ಬದುಕುತ್ತಿದ್ದ ಬಡವರಲ್ಲೂ ಪೆಲಾಗ್ರಾ ಇದೆ ಅಂತ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲೇ ಬರೆದರು. ಅಂದರೆ ತಪ್ಪು ಕಾಳಿನದಲ್ಲ, ಒಂದೇ ಕಾಳಿನ ಊಟದ್ದು. ರೊಟ್ಟಿ ಜೊತೆ ಝುಣಕ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು ಇರೋದು ಬರೀ ರುಚಿಗಲ್ಲ.

ಈಗ ನಿಮ್ಮ ಕೈಗೆ ಬರೋ ಕಾರ್ನ್ ಆರಿಸೋದು ಹೇಗೆ? ಕಾಳು ಎಷ್ಟು ಇಡಿಯಾಗಿದೆ ಅಂತ ಕೇಳಿಕೊಳ್ಳಿ. ಸುಟ್ಟ ತೆನೆ, ಕುದಿಸಿದ ತೆನೆ ಇಡೀ ಕಾಳು; ನಾರಿನಂಶ ಉಳಿದಿರುತ್ತೆ. ಪಾಪ್‌ಕಾರ್ನ್ ಕೂಡ ಇಡೀ ಕಾಳೇ, ಮೇಲೆ ಸುರಿಯೋ ಬೆಣ್ಣೆ, ಉಪ್ಪು ಬೇರೆ ಮಾತು. ಸ್ವೀಟ್‌ಕಾರ್ನ್ ತರಕಾರಿ ಹಾಗೆ ಕಂಡರೂ ಅದರಲ್ಲಿ ಪಿಷ್ಟ, ಸಕ್ಕರೆ ಎರಡೂ ಇದೆ. ಅದನ್ನು ತಿಂದ ದಿನ ಅನ್ನ ಒಂದು ತುತ್ತು ಕಡಿಮೆ ಮಾಡಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರೋರಿಗೂ ಇದನ್ನು ಹೇಳಿ. ಕಾರ್ನ್‌ಫ್ಲೇಕ್ಸ್‌ನಲ್ಲಿ ಸಾಮಾನ್ಯವಾಗಿ ಹೊಟ್ಟು, ಮೊಳಕೆಭಾಗ ತೆಗೆದಿರುತ್ತಾರೆ. ಪೊಟ್ಟಣದ ಹಿಂದಿನ ಪಟ್ಟಿ ಓದಿ. ಹೆಚ್ಚು ತೂಕದ್ದು ಮೊದಲು ಬರುತ್ತೆ. ಸಕ್ಕರೆ ಎರಡನೆಯ ಹೆಸರಾಗಿದ್ದರೆ ಅದು ತಿಂಡಿಗಿಂತ ಮಿಠಾಯಿಗೆ ಹತ್ತಿರ. ಕಾರ್ನ್‌ಫ್ಲೋರ್ ಅಂದರೆ ಬರೀ ಪಿಷ್ಟ. ಇನ್ನೊಂದು, ಮೆಕ್ಕೆಜೋಳ ಸಿರಿಧಾನ್ಯ ಅಲ್ಲ. ಸಜ್ಜೆ, ನವಣೆ, ರಾಗಿಯ ಸಾಲಿಗೆ ಅದನ್ನು ಸೇರಿಸಬೇಡಿ.

ಕೊನೆಗೆ ಆ ರೈಲಿನ ಕಿಟಕಿಗೆ ಮರಳೋಣ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆದರೆ 2025ರ ಸುಗ್ಗಿಯಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಹಾವೇರಿ, ಗದಗ ಭಾಗದ ರೈತರು ಬೀದಿಗೆ ಇಳಿದರು. ಒಂದೇ ಬೆಳೆ ನಂಬಿದ ಹೊಲ, ಒಂದೇ ಕಾಳು ನಂಬಿದ ತಾಟು, ಎರಡಕ್ಕೂ ಒಂದೇ ಅಪಾಯ. ಬೆಳೆದ ಜೋಳವನ್ನು ಮಾರಿ, ತಿನ್ನೋ ಜೋಳವನ್ನು ಅಂಗಡಿಯಿಂದ ತರೋ ಮನೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಅಜ್ಜಿಯನ್ನೋ ಅಮ್ಮನನ್ನೋ ಒಂದು ಮಾತು ಕೇಳಿ: ನೀವು ಸಣ್ಣವರಿದ್ದಾಗ ನಮ್ಮ ಹೊಲದಾಗ ಏನೇನು ಬೆಳೀತಿದ್ರಿ? ಅವರು ಹೇಳೋ ಪಟ್ಟಿಯನ್ನು ಇವತ್ತಿನ ನಿಮ್ಮ ತಾಟಿನ ಪಕ್ಕ ಇಟ್ಟು ನೋಡಿ. ಮತ್ತೆ ಸಿಗೋಣ.