ಪಲಾವಿನ ಎಲೆಯ ಪೂರ್ವಚರಿತ್ರೆ

ಹುಬ್ಬಳ್ಳಿಯ ದುರ್ಗದಬೈಲಿನ ಮಸಾಲೆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ಗಿರಾಕಿಗಳ ಮಾತು ಕೇಳಿ. ಒಬ್ಬರು 'ಪಲಾವ್ ಎಲಿ ಕೊಡ್ರಿ' ಎನ್ನುತ್ತಾರೆ. ಮರಾಠಿ ಮನೆಮಾತಿನವರು 'ತಮಾಲಪತ್ರ' ಕೇಳುತ್ತಾರೆ. ಉತ್ತರ ಭಾರತದಿಂದ ಬಂದು ನೆಲೆಸಿದವರಿಗೆ ಅದು 'ತೇಜಪತ್ತಾ'. ಮಲೆನಾಡಿನ ನಂಟಿರುವವರು 'ದಾಲ್ಚಿನ್ನಿ ಎಲೆ' ಎಂದರೆ, ಇಂಗ್ಲಿಷ್ ಅಡುಗೆ ಪುಸ್ತಕ ಓದಿದವರು 'ಬೇ ಲೀಫ್' ಎನ್ನುತ್ತಾರೆ. ಹೆಸರು ಬೇರೆಯಾದರೂ ಎಲ್ಲರಿಗೂ ಒಂದೇ ಚೀಲದ ಒಣ ಎಲೆ ಸಿಗುವುದುಂಟು. ಹಾಗಾದರೆ ಇವೆಲ್ಲ ಒಂದೇ ಎಲೆಯ ಹೆಸರುಗಳೇ?

ಇನ್ನೊಂದು ಸಂಗತಿಯನ್ನೂ ಗಮನಿಸಿ. ನಮ್ಮ ಭಾಗದ ಅಡುಗೆಮನೆಯಲ್ಲಿ ಈ ಎಲೆಗೆ ಖಾರದ ಪಂಕ್ತಿಯಲ್ಲಿ ಮಾತ್ರ ಜಾಗ. ಪಲಾವು, ಬಿರಿಯಾನಿ, ಕುರ್ಮಾಗಳಿಗೆ ಅದು ಬೇಕು. ಗೋದಿ ಹುಗ್ಗಿಗೆ, ಹೋಳಿಗೆಯ ಹೂರಣಕ್ಕೆ ಏಲಕ್ಕಿ ಮತ್ತು ಜಾಯಿಕಾಯಿ ಸಾಕು, ಎಲೆಯನ್ನು ಯಾರೂ ಹಾಕುವುದಿಲ್ಲ. ಎಲೆ ಖಾರಕ್ಕೆ ಸೇರಿದ್ದು ಎಂದು ನಾವು ತಿಳಿದುಬಿಟ್ಟಿದ್ದೇವೆ. ಅದರ ಎರಡು ಸಾವಿರ ವರ್ಷಗಳ ಚರಿತ್ರೆ ಬೇರೆಯೇ ಹೇಳುತ್ತದೆ.

ಹೆಸರು ನಂಬಬೇಡಿ, ನರ ನೋಡಿ

ಮೊದಲು ಎಲೆಯ ಗುರುತು. ಯುರೋಪಿನ ಅಡುಗೆಯ ಬೇ ಎಲೆ ಭೂಮಧ್ಯ ಸಮುದ್ರದ ತೀರದ ಮರದ್ದು. ಅದರ ವೈಜ್ಞಾನಿಕ ಹೆಸರು ಲಾರಸ್ ನೊಬಿಲಿಸ್. ಅದರಲ್ಲಿ ನಡುವೆ ಒಂದೇ ದಪ್ಪ ನರವಿದ್ದು, ಅದರಿಂದ ಎರಡೂ ಬದಿಗೆ ಸಣ್ಣ ನರಗಳು ಗರಿಯಂತೆ ಹೊರಡುತ್ತವೆ. ಭಾರತದ ತೇಜಪತ್ರ ಹಿಮಾಲಯದ ತಪ್ಪಲು ಮತ್ತು ಈಶಾನ್ಯ ಭಾರತದ ಬೆಟ್ಟಗಳಲ್ಲಿ ಬೆಳೆಯುವ ಸಿನಮೋಮಮ್ ತಮಾಲ ಎಂಬ ಮರದ ಎಲೆ. ಇದರಲ್ಲಿ ಮೂರು ನರಗಳು ಬುಡದ ಬಳಿಯಿಂದ ಹೊರಟು ತುದಿಯವರೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತವೆ. ದಾಲ್ಚಿನ್ನಿಯೂ ಇದೇ ಕುಲದ್ದು, ಅದರ ಎಲೆಯಲ್ಲೂ ಈ ಉದ್ದುದ್ದ ನರಗಳೇ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಸಿನಮೋಮಮ್ ಮಲಬಾತ್ರಮ್ ಮೊದಲಾದ ಕಾಡು ದಾಲ್ಚಿನ್ನಿ ಪ್ರಭೇದಗಳಿದ್ದು, ಅವುಗಳ ಎಲೆಯೂ ಹಾಗೆಯೇ ಇದೆ.

ನಾಲ್ಕೂ ಲಾರೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ಪರಿಮಳ ಒಂದೇ ಅಲ್ಲ. ಬೇ ಎಲೆಯ ತೈಲದಲ್ಲಿ ಮುಖ್ಯವಾಗಿರುವುದು ಸಿನಿಯೋಲ್. ನೀಲಗಿರಿ ತೈಲದ ಘಾಟಿಗೂ ಇದೇ ಕಾರಣ. ದಾಲ್ಚಿನ್ನಿ ಎಲೆಯ ತೈಲದ ಬಹುಭಾಗ ಯೂಜಿನಾಲ್, ಅಂದರೆ ಲವಂಗದ ಪರಿಮಳದ ಸಂಯುಕ್ತವೇ. ತೇಜಪತ್ರದಲ್ಲಿ ಬೆಳೆದ ಜಾಗ ಮತ್ತು ತಳಿಗೆ ತಕ್ಕಂತೆ ಯೂಜಿನಾಲ್, ಲಿನಲೂಲ್, ಸಿನಮಾಲ್ಡಿಹೈಡ್‌ಗಳ ಪ್ರಮಾಣ ಬದಲಾಗುತ್ತದೆ. ಭಾರತದ ಸಾಂಬಾರ ಮಂಡಳಿಯ ವ್ಯಾಪ್ತಿಯಲ್ಲಿರುವ 52 ಸಾಂಬಾರ ಪದಾರ್ಥಗಳ ಪಟ್ಟಿಯಲ್ಲಿ ಬೇ ಎಲೆ ಮತ್ತು ತೇಜಪತ್ರ ಎರಡು ಪ್ರತ್ಯೇಕ ಹೆಸರುಗಳಾಗಿಯೇ ಇವೆ. ಹೀಗಿದ್ದೂ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡದ್ದು ಹೇಗೆ? ಅದಕ್ಕೆ ತಮಾಲಪತ್ರ ಎಂಬ ಪದದ ಪ್ರಯಾಣವನ್ನು ಹಿಂಬಾಲಿಸಬೇಕು.

ರೋಮಿಗೆ ಹೋದ ತಮಾಲಪತ್ರ

ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಭಾರತದ ಪಶ್ಚಿಮ ತೀರದ ಬಂದರುಗಳಿಂದ ರಫ್ತಾಗುತ್ತಿದ್ದ ಸರಕುಗಳ ಪಟ್ಟಿ ಇದೆ. ಮಲಬಾರಿನ ಮುಜಿರಿಸ್ ಕಡೆಯಿಂದ ಕರಿಮೆಣಸು, ಮುತ್ತು, ದಂತಗಳ ಜೊತೆಗೆ 'ಮಲಬಾತ್ರಮ್' ಎಂಬ ಎಲೆಯೂ ಹಡಗು ಏರುತ್ತಿತ್ತು. ಇದು ಸಂಸ್ಕೃತದ ತಮಾಲಪತ್ರವೇ. ಗ್ರೀಕ್ ಭಾಷೆಯಲ್ಲಿ 'ತ' ಎಂಬುದು ಬಹುವಚನ ನಾಮಪದದ ಹಿಂದೆ ಬರುವ ಉಪಪದ. ಗ್ರೀಕ್ ವರ್ತಕರು ತಮಾಲಪತ್ರದ ಮೊದಲಕ್ಷರವನ್ನು ತಮ್ಮ ಉಪಪದವೆಂದು ಬಗೆದು ಕಳಚಿದರು, ಉಳಿದದ್ದು ಮಲಬಾತ್ರಮ್ ಆಯಿತು ಎಂದು ವಿದ್ವಾಂಸರು ವಿವರಿಸುತ್ತಾರೆ.

ಈ ಎಲೆಗೆ ಎಷ್ಟು ಬೆಲೆಯಿತ್ತು? ರೋಮಿನ ಪ್ಲಿನಿ ತನ್ನ 'ನಿಸರ್ಗ ಚರಿತ್ರೆ'ಯಲ್ಲಿ ಎಲೆಯ ದರ ಪೌಂಡಿಗೆ 60 ದಿನಾರಿಯಸ್ ಎಂದು ಬರೆದಿದ್ದಾನೆ. ಅದೇ ಗ್ರಂಥದಲ್ಲಿ ಕರಿಮೆಣಸಿನ ದರ ಪೌಂಡಿಗೆ 4 ದಿನಾರಿಯಸ್. ಇಂದು ಮಸಾಲೆ ಅಂಗಡಿಯ ಅಗ್ಗದ ಸರಕುಗಳಲ್ಲಿ ಒಂದಾಗಿರುವ ಎಲೆ ಅಂದು ಮೆಣಸಿನ ಹದಿನೈದು ಪಟ್ಟು ಬೆಲೆ ಬಾಳುತ್ತಿತ್ತು!

ಅಷ್ಟು ಬೆಲೆ ಕೊಟ್ಟವರಿಗೆ ಎಲೆಯ ಮೂಲ ಗೊತ್ತಿತ್ತೇ? ಇಲ್ಲ. ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಅದು ಭಾರತದ ಜೌಗು ನೀರಿನ ಮೇಲೆ ಬೇರಿಲ್ಲದೆ ತೇಲುವ ಸಸ್ಯದ ಎಲೆ ಎಂದು ಬರೆದ. ಪ್ಲಿನಿಯೂ ಭಾರತದ ಎಲೆಯ ಬಗ್ಗೆ ಅದೇ ಮಾತನ್ನು ಹೇಳಿದ. ಪೆರಿಪ್ಲಸ್ ಮಾತ್ರ ಸತ್ಯದ ಸಮೀಪ ಬಂದಿತ್ತು. ಗಂಗೆಯ ಆಚೆ ಚೀನಾ ಗಡಿಯ ಬಳಿ ಸೆಸಾತೆ ಎಂಬ ಬೆಟ್ಟದ ಜನ ಹೆಂಡಿರು ಮಕ್ಕಳೊಡನೆ ಹೊರೆ ಹೊತ್ತು ಬಂದು ಸೇರುತ್ತಾರೆ, ಅಲ್ಲಿ ಸಿಗುವ ಎಲೆಗಳನ್ನು ಮಡಿಸಿ ಉಂಡೆ ಕಟ್ಟುತ್ತಾರೆ, ಉಂಡೆಯ ಗಾತ್ರದ ಮೇಲೆ ಮೂರು ದರ್ಜೆಗಳಿವೆ ಎಂಬ ವರ್ಣನೆ ಅದರಲ್ಲಿದೆ. ಇಂದಿಗೂ ತೇಜಪತ್ರ ಹೇರಳವಾಗಿ ಬರುವುದು ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಂಥ ಈಶಾನ್ಯದ ನೆಲೆಗಳಿಂದಲೇ ಎಂಬುದನ್ನು ನೆನೆದರೆ ಈ ವರ್ಣನೆಯ ಮಹತ್ವ ತಿಳಿಯುತ್ತದೆ. ಎಲೆ ಕೊಯ್ದವರಿಗೆ ಮರ ಗೊತ್ತಿತ್ತು. ಕೈಯಿಂದ ಕೈಗೆ ದಾಟಿದಂತೆ ಎಲೆಯ ಬೆಲೆ ಏರಿತು, ತಿಳಿವಳಿಕೆ ಇಳಿಯಿತು.

ಸಿಹಿಗೂ ಸೈ, ಖಾರಕ್ಕೂ ಸೈ

ರೋಮನರು ಈ ಎಲೆಯನ್ನು ಮುಖ್ಯವಾಗಿ ಎಣ್ಣೆಯಲ್ಲಿ ನೆನೆಹಾಕಿ ಸುಗಂಧ ಲೇಪನ ಮಾಡಿಕೊಳ್ಳುತ್ತಿದ್ದರು. ಅಡುಗೆಗೂ ಬಳಸುತ್ತಿದ್ದರು. ಎಪಿಸಿಯಸ್ ಎಂಬುವನ ಹೆಸರಿನಲ್ಲಿ ಉಳಿದಿರುವ ರೋಮನ್ ಪಾಕಗ್ರಂಥದಲ್ಲಿ ಚಿಪ್ಪುಜೀವಿಗಳಿಗೆ ಹಾಕುವ ಜೀರಿಗೆಯ ಸಾರು ಒಂದಿದೆ. ಅದಕ್ಕೆ ಮೆಣಸು, ಜೀರಿಗೆ, ಒಣಪುದೀನ, ಮಲಬಾತ್ರಮ್ ಎಲೆ ಬೀಳುತ್ತವೆ. ಜೊತೆಗೆ ಜೇನು, ಹುಳಿ ಹಿಡಿದ ದ್ರಾಕ್ಷಾರಸ ಮತ್ತು ಮೀನಿನ ಉಪ್ಪುರಸ. ಸಿಹಿ, ಹುಳಿ, ಉಪ್ಪು, ಖಾರ ಎಲ್ಲ ಕೂಡಿದ ಒಂದೇ ಪಾಕದಲ್ಲಿ ಈ ಎಲೆಗೆ ಸ್ಥಾನವಿತ್ತು.

ನಮ್ಮ ಆಯುರ್ವೇದದಲ್ಲಿ ದಾಲ್ಚಿನ್ನಿ, ಏಲಕ್ಕಿ ಮತ್ತು ಪತ್ರೆ ಸೇರಿದರೆ 'ತ್ರಿಜಾತಕ'. ಅದಕ್ಕೆ ನಾಗಕೇಸರ ಕೂಡಿದರೆ 'ಚತುರ್ಜಾತಕ'. ಇಲ್ಲಿ ಪತ್ರೆ ಎಂದರೆ ತಮಾಲಪತ್ರ. ಚರಕ ಸಂಹಿತೆಯ ಚ್ಯವನಪ್ರಾಶದಲ್ಲಿ ಈ ನಾಲ್ಕೂ ಬರುತ್ತವೆ. ಚ್ಯವನಪ್ರಾಶವೆಂದರೆ ನೆಲ್ಲಿಕಾಯಿ, ಸಕ್ಕರೆ, ತುಪ್ಪ, ಜೇನು ಕೂಡಿದ ಸಿಹಿ ಲೇಹ್ಯ ತಾನೆ? ಪಲಾವಿನ ಎಲೆ ಸಿಹಿಗೆ ಸಲ್ಲದು ಎನ್ನುವವರು ತಮಗೆ ತಿಳಿಯದೆಯೇ ಅದನ್ನು ಚಮಚೆಯಲ್ಲಿ ಸಿಹಿಯಾಗಿ ಸವಿದಿರುತ್ತಾರೆ.

ನಮ್ಮ ನಾಡಿನ ಹಳೆಯ ಗ್ರಂಥಗಳಲ್ಲಿ ಅಡುಗೆ ಮತ್ತು ಸುಗಂಧ ಅಕ್ಕಪಕ್ಕದ ವಿದ್ಯೆಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರವೂ ಇದೆ, ಸುಗಂಧ ತಯಾರಿಕೆಯೂ ಇದೆ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲೂ ಅನ್ನಭೋಗ ಒಂದು ಭಾಗವಾದರೆ ವಿಲೇಪನ ಇನ್ನೊಂದು. ಪರಿಮಳವನ್ನು ಹೊರತೆಗೆಯುವ ಕೌಶಲ ಎರಡಕ್ಕೂ ಒಂದೇ ಎಂಬುದು ಆ ಕಾಲದವರಿಗೆ ತಿಳಿದಿತ್ತು.

ಸಿಹಿಯ ರೂಢಿ ಇಂದಿಗೂ ಪೂರ್ತಿ ಅಳಿದಿಲ್ಲ. ಬಂಗಾಳದ ಮನೆಗಳಲ್ಲಿ ಅಕ್ಕಿಯ ಪಾಯಸ ಕುದಿಯುವಾಗ ಹಾಲಿಗೆ ಒಂದೆರಡು ತೇಜಪತ್ರ ಬೀಳಲೇಬೇಕು. ಕೇರಳದಲ್ಲಿ ಹಲಸಿನ ಹಣ್ಣು, ಬೆಲ್ಲ, ಅಕ್ಕಿಹಿಟ್ಟು ಕಲಸಿ, ಕಾಡು ದಾಲ್ಚಿನ್ನಿ ಎಲೆಯನ್ನು ಕೊಟ್ಟೆಯಂತೆ ಸುತ್ತಿ, ಅದರೊಳಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕರಾವಳಿಯವರು ಅರಿಶಿನ ಎಲೆಯಲ್ಲಿ ಸಿಹಿ ಕಡುಬು ಮಾಡುವ ಕ್ರಮವನ್ನು ಇದು ಹೋಲುತ್ತದೆ.

ಗೋವೆಯ ವೈದ್ಯನ ತಿದ್ದುಪಡಿ

ನೀರಿನ ಮೇಲೆ ತೇಲುವ ಎಲೆ ಎಂಬ ತಪ್ಪು ಸುಮಾರು 1500 ವರ್ಷ ಬಾಳಿತು. ಅದನ್ನು ತಿದ್ದಿದ ಪುಸ್ತಕ ಅಚ್ಚಾದದ್ದು ಧಾರವಾಡಕ್ಕೆ ಅಷ್ಟೇನೂ ದೂರವಲ್ಲದ ಗೋವೆಯಲ್ಲಿ, 1563ರಲ್ಲಿ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಭಾರತದ ಔಷಧ ದ್ರವ್ಯಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥವದು. ಓರ್ತಾ ಪ್ರಾಚೀನರ ಗ್ರಂಥಗಳಿಗೆ ಕೈಮುಗಿದು ಕೂರಲಿಲ್ಲ. ಇಲ್ಲಿನ ಜನ ಅದನ್ನು ತಮಾಲಪತ್ರ ಎನ್ನುತ್ತಾರೆ, ಗ್ರೀಕರ ಮಲಬಾತ್ರಮ್ ಅದರ ಅಪಭ್ರಂಶ, ಅದು ನೀರಿನ ಸಸ್ಯವಲ್ಲ, ಮರದ ಎಲೆ ಎಂದು ಸ್ಪಷ್ಟವಾಗಿ ಬರೆದ. ಗ್ರಂಥದ ಮಾತನ್ನು ಕಣ್ಣಾರೆ ಕಂಡದ್ದರೊಡನೆ ಹೋಲಿಸುವ ವಿಜ್ಞಾನದ ವಿಧಾನಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಆ ಕಾಲದಲ್ಲಿ ಹುಬ್ಬಳ್ಳಿ ಕರಾವಳಿ ಮತ್ತು ಬಯಲುಸೀಮೆಯ ನಡುವಿನ ಪೇಟೆಯಾಗಿ ಬೆಳೆಯುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಯವರು ಇಲ್ಲಿ ಬಟ್ಟೆ ಕೊಳ್ಳುತ್ತಿದ್ದರು. 1673ರಲ್ಲಿ ಶಿವಾಜಿಯ ಸೇನೆ ಪೇಟೆಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ಸರಕೂ ಹೋಯಿತು. ಇಂಥ ದಾರಿಗಳಲ್ಲಿ ಸರಕಿನ ಜೊತೆಗೆ ಹೆಸರುಗಳೂ ಸಾಗಿದವು. ತಮಾಲಪತ್ರ ಎಂಬ ಪದ ಮರಾಠಿಯಲ್ಲೂ ನಮ್ಮ ಪೇಟೆಯಲ್ಲೂ ಹಾಗೆಯೇ ಉಳಿದಿದೆ.

ಮುಂದೆ 1800–01ರಲ್ಲಿ ಮೈಸೂರು ಮತ್ತು ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಾರವಾರ, ಯಲ್ಲಾಪುರ, ಸೋಂದಾ, ಬನವಾಸಿಗಳ ಕಾಡುದಾರಿಯಲ್ಲಿ ನಡೆದ. ತೇಜಪತ್ರದ ಮರಕ್ಕೆ ತಮಾಲ ಎಂಬ ದೇಶೀ ಹೆಸರನ್ನೇ ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿದವನೂ ಅವನೇ. ಹಾಗೆಯೇ ಮಲಬಾತ್ರಮ್ ಎಂಬ ಗ್ರೀಕ್ ರೂಪ ಪಶ್ಚಿಮ ಘಟ್ಟದ ಕಾಡು ದಾಲ್ಚಿನ್ನಿಗೆ ದಕ್ಕಿತು. ಒಂದೇ ಪದದ ಎರಡು ರೂಪಗಳು ಒಂದೇ ಕುಲದ ಎರಡು ಮರಗಳಿಗೆ ಹಂಚಿಹೋದವು. ಆದರೆ ಇಂಗ್ಲಿಷರ ಅಡುಗೆಮನೆಯಲ್ಲಿ ಅಷ್ಟು ಹೊತ್ತಿಗೆ ಮಲಬಾತ್ರಮ್ ಮರೆತುಹೋಗಿತ್ತು. ಅವರು ತಮ್ಮ ಬೇ ಎಲೆಯ ಹೆಸರನ್ನೇ ಇದಕ್ಕೂ ಕೊಟ್ಟು 'ಇಂಡಿಯನ್ ಬೇ ಲೀಫ್' ಎಂದರು. ಇಂದಿನ ಗೊಂದಲದ ಬೇರು ಇಲ್ಲಿದೆ.

ಎಣ್ಣೆ, ಹಾಲು, ಹಬೆ

ಒಂದೇ ಎಲೆ ಸಿಹಿಗೂ ಖಾರಕ್ಕೂ ಹೊಂದುವುದು ಹೇಗೆ? ಎಲೆಗೆ ಸ್ವಂತದ ಸಿಹಿಯೂ ಇಲ್ಲ, ಖಾರವೂ ಇಲ್ಲ. ಇರುವುದು ಪರಿಮಳ ಮಾತ್ರ. ಎಲೆಯ ಒಳಗಿನ ಸೂಕ್ಷ್ಮ ತೈಲಕೋಶಗಳಲ್ಲಿ ಬಾಷ್ಪಶೀಲ ತೈಲವಿರುತ್ತದೆ. ಇದು ನೀರಿನಲ್ಲಿ ಹೆಚ್ಚು ಕರಗದು, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದಲೇ ಪಲಾವಿಗೆ ಎಲೆಯನ್ನು ಮೊದಲು ಕಾದ ಎಣ್ಣೆಗೆ ಇಲ್ಲವೆ ತುಪ್ಪಕ್ಕೆ ಹಾಕುತ್ತೇವೆ. ರೋಮಿನ ಸುಗಂಧ ತಯಾರಕ ಎಣ್ಣೆಯಲ್ಲಿ ಎಲೆ ನೆನೆಹಾಕಿದ್ದೂ, ನಮ್ಮ ಒಗ್ಗರಣೆಯೂ ಒಂದೇ ತತ್ತ್ವದ ಎರಡು ರೂಪಗಳು. ಪಾಯಸದಲ್ಲಿ ಈ ಕೆಲಸವನ್ನು ಹಾಲಿನ ಕೊಬ್ಬು ಮಾಡುತ್ತದೆ. ಉರಿ ಸಣ್ಣದು, ಸಮಯ ಹೆಚ್ಚು.

ಹಬೆಯ ಕ್ರಮ ಇನ್ನೂ ಸ್ವಾರಸ್ಯಕರ. ಯೂಜಿನಾಲ್ ಕುದಿಯುವುದು ಸುಮಾರು 254 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಬೆಯ ಪಾತ್ರೆಯಲ್ಲಿ ಇರುವುದು 100 ಡಿಗ್ರಿ. ಆದರೂ ಕಡುಬಿಗೆ ಪರಿಮಳ ಹತ್ತುತ್ತದೆ. ಒಂದರೊಳಗೊಂದು ಬೆರೆಯದ ಎರಡು ದ್ರವಗಳು ಒಟ್ಟಿಗೆ ಕಾದಾಗ ಎರಡರ ಬಾಷ್ಪ ಒತ್ತಡಗಳೂ ಕೂಡುತ್ತವೆ. ಹಾಗಾಗಿ ನೀರಿನ ಹಬೆಯೊಡನೆ ತೈಲವೂ ತನ್ನ ಕುದಿಬಿಂದುವಿಗಿಂತ ಬಹಳ ಕೆಳಗೇ ಆವಿಯಾಗಿ ಹೊರಡುತ್ತದೆ. ಕಾರ್ಖಾನೆಗಳಲ್ಲಿ ಸುಗಂಧ ತೈಲವನ್ನು ಬಟ್ಟಿ ಇಳಿಸುವುದೂ ಹೀಗೆಯೇ.

ಎಲೆಯನ್ನು ಬಡಿಸುವ ಮುನ್ನ ತೆಗೆದಿಡುವ ರೂಢಿಗೂ ಕಾರಣವಿದೆ. ಎಷ್ಟು ಬೇಯಿಸಿದರೂ ಅದರ ಗಡುಸಾದ ನಾರು ಮೆತ್ತಗಾಗುವುದಿಲ್ಲ. ತುಂಡಾದ ಚೂಪು ಅಂಚು ಗಂಟಲಿಗೆ ಚುಚ್ಚಬಹುದು.

ಮರ ಉಳಿದರೆ ಎಲೆ

ಧಾರವಾಡದಿಂದ ಪಶ್ಚಿಮಕ್ಕೆ ಹೊರಟು ಅಳ್ನಾವರ ದಾಟಿ ದಾಂಡೇಲಿಯ ಕಡೆಗೆ ಸಾಗಿದರೆ ಬಯಲು ಮುಗಿದು ದಟ್ಟ ಕಾಡು ತೊಡಗುತ್ತದೆ. ಕಾಡು ದಾಲ್ಚಿನ್ನಿಯ ನೆಲೆಯಿದು. ಈ ಮರದಿಂದ ಮೂರು ಸರಕುಗಳು ಸಿಗುತ್ತವೆ: ತೊಗಟೆ, ಮೊಗ್ಗು, ಎಲೆ. ಕಾಂಡದ ಸುತ್ತ ತೊಗಟೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದುಹೋಗಿ ಮರ ಸಾಯುತ್ತದೆ. ಮೊಗ್ಗನ್ನೆಲ್ಲ ಕಿತ್ತರೆ ಬೀಜವಿಲ್ಲ, ಸಸಿಯಿಲ್ಲ. ಹದವರಿತು ಎಲೆ ಕೊಯ್ದರೆ ಮಾತ್ರ ಮರ ಮತ್ತೆ ಚಿಗುರುತ್ತದೆ. ಖಾಸಿ ಬೆಟ್ಟಗಳ ಬೆಳೆಗಾರರು ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಮಾರ್ಚಿಯೊಳಗೆ, ಎಲೆ ಕೊಯ್ದು ಒಂದೇ ಮರದಿಂದ ದಶಕಗಟ್ಟಲೆ ಫಸಲು ಪಡೆಯುತ್ತಾರೆ. 2016ರಲ್ಲಿ ಉತ್ತರಾಖಂಡದ ತೇಜಪತ್ರಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ನಮ್ಮ ಘಟ್ಟದ ಎಲೆಗೆ ಅಂಥ ಹೆಸರಿಲ್ಲ. ಹೆಸರಿಲ್ಲದ ಮರಕ್ಕೆ ಕಾವಲೂ ಕಡಿಮೆ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ನವಶ್ರೀ, ನಿತ್ಯಶ್ರೀ ಎಂಬ ದಾಲ್ಚಿನ್ನಿ ತಳಿಗಳನ್ನು ಬಿಡುಗಡೆ ಮಾಡಿದೆ. ಕಡಿದ ಬುಡದಿಂದ ಮತ್ತೆ ಚಿಗುರುವ ದಾಲ್ಚಿನ್ನಿ ಮಲೆನಾಡಿನ ತೋಟಗಳಿಗೆ ಒಗ್ಗುವ ಗಿಡ. ತೊಗಟೆಗೂ ಎಲೆಗೂ ತೋಟವನ್ನು ನೆಚ್ಚಿದಷ್ಟೂ ಕಾಡಿನ ಮರದ ಮೇಲಿನ ಭಾರ ಇಳಿಯುತ್ತದೆ.

ಮುಂದಿನ ಸಲ ಪಲಾವ್ ಎಲೆ ತಂದಾಗ ಅದನ್ನು ನೇರ ಬಾಣಲೆಗೆ ಹಾಕಬೇಡಿ. ಬೆಳಕಿಗೆ ಹಿಡಿದು ನೋಡಿ. ನರ ಒಂದೋ, ಮೂರೋ? ಮುರಿದು ಮೂಸಿ. ನೀಲಗಿರಿಯ ಘಾಟೋ, ಲವಂಗದ ಕಂಪೋ? ಪ್ಲಿನಿ, ಡಯಾಸ್ಕೊರಿಡಿಸ್‌ರಂಥ ವಿದ್ವಾಂಸರಿಗೆ ಸಿಗದ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಮೂರು ನರದ ಎಲೆಯಾದರೆ ಒಂದನ್ನು ತೆಗೆದಿಡಿ. ಹಬ್ಬದ ದಿನ ಪಾಯಸದ ಹಾಲಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ನೋಡಿ.